ನಕ್ಷೆ ಆಮೇಲೆ, ಮೊದಲು ನೀರಿನ ಮಟ್ಟ ನೋಡಿ

ಶರಾವತಿಯ ಹಿನ್ನೀರಿನೊಳಗೆ ಒಂದು ಅಣೆಕಟ್ಟು ಮುಳುಗಿ ಕೂತಿದೆ. ಒಡೆದು ಹಾಕಿದ ಅವಶೇಷವೇನಲ್ಲ, ಕಟ್ಟಿದ ಹಾಗೆ ಇಡಿಯಾಗಿಯೇ ಇದೆ. ಲಿಂಗನಮಕ್ಕಿ ಜಲಾಶಯ ತುಂಬಿದ ವರ್ಷ ಅದು ಅಲ್ಲಿದೆ ಎಂದು ಹೇಳಿದರೂ ನಂಬುವುದು ಕಷ್ಟ. ಮಳೆ ಕೈಕೊಟ್ಟ ವರ್ಷದ ಮರುಬೇಸಿಗೆಯಲ್ಲಿ, ನೀರು ತಳ ಹಿಡಿದಾಗ, ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಕಡತದಲ್ಲಿ ಅದರ ಹೆಸರು ಹಿರೇಭಾಸ್ಕರ ಅಣೆಕಟ್ಟು, ಸಾಗರದ ಕಡೆಯವರ ಬಾಯಲ್ಲಿ ಮಡೆನೂರು ಡ್ಯಾಂ.

ನಾನು ಅದನ್ನು ನೋಡಿದ್ದು 2024ರ ಮೇ ತಿಂಗಳಲ್ಲಿ. ಹಿಂದಿನ ಮಳೆಗಾಲ ಸೋತಿತ್ತು. ಸಾಗರದಿಂದ ಹೊಳೆಬಾಗಿಲಿನ ದಾರಿ ಹಿಡಿದು, ಊರವರನ್ನು ಕೇಳಿಕೊಳ್ಳುತ್ತಾ ಹಿನ್ನೀರಿನ ಅಂಚಿಗೆ ಬಂದೆ. ನೀರಿರಬೇಕಾದ ಜಾಗದಲ್ಲಿ ಬಿರುಕುಬಿಟ್ಟ ಮಣ್ಣು, ಅದರ ಮೇಲೆ ಹಸಿರು ಹುಲ್ಲು, ಮೇಯುತ್ತಿದ್ದ ದನ. ಅಲ್ಲಲ್ಲಿ ಕಪ್ಪಾಗಿ ನಿಂತ ಮರದ ಬೊಡ್ಡೆಗಳು. ಆರು ದಶಕ ನೀರಿನಲ್ಲಿ ನೆಂದರೂ ಅವು ಕೊಳೆತು ಹೋಗಿಲ್ಲ. ದನ ಕಾಯುತ್ತಿದ್ದ ಹಿರಿಯರೊಬ್ಬರು ದೂರದಿಂದಲೇ ಕೂಗಿದರು: "ಗಾಡಿ ಅಲ್ಲೇ ನಿಲ್ಸಿ ಮಾರಾಯ್ರೆ. ಮೇಲೆ ಒಣಗಿದ ಹಾಗೆ ಕಾಣ್ತದೆ ಅಷ್ಟೆ, ಒಳಗೆಲ್ಲ ಕೆಸರು." ಬೈಕನ್ನು ಗಟ್ಟಿ ನೆಲದಲ್ಲಿ ಬಿಟ್ಟು ಅವರು ತೋರಿಸಿದ ಜಾಡಿನಲ್ಲೇ ನಡೆದೆ.

ಕಲ್ಲಿನ ಗೋಡೆ ಎದುರಾದಾಗ ನನಗೆ ಮೊದಲು ಅನಿಸಿದ್ದು, ಇದನ್ನು ಕಟ್ಟಿದವರು ಬಹಳ ಕಾಲ ಬಾಳಲಿ ಎಂದೇ ಕಟ್ಟಿದ್ದಾರೆ ಎಂದು. ಮೈಸೂರು ಸಂಸ್ಥಾನದ ಎಂಜಿನಿಯರುಗಳು 1948ರಲ್ಲಿ ಮುಗಿಸಿದ ಕೆಲಸ ಅದು. ಜೋಗದ ಬುಡದಲ್ಲಿ ಆಗ ತಾನೇ ಶುರುವಾಗಿದ್ದ, ಈಗ ಮಹಾತ್ಮ ಗಾಂಧಿ ಹೆಸರಿನಲ್ಲಿರುವ ವಿದ್ಯುದಾಗಾರಕ್ಕೆ ಬೇಸಿಗೆಯಲ್ಲೂ ನೀರು ಸಿಗಬೇಕಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಕಾದಾಗ ಬಿಡುವುದು ಈ ಕಟ್ಟೆಯ ಕೆಲಸ. 1964ರಲ್ಲಿ ಕೆಳಗೆ ಲಿಂಗನಮಕ್ಕಿ ಎದ್ದಿತು. ಅದರ ಹಿನ್ನೀರು ಏರಿ ಬಂದು ಊರು, ಗದ್ದೆ, ತೋಟ, ದೇವಸ್ಥಾನಗಳ ಜೊತೆಗೆ ಈ ಅಣೆಕಟ್ಟನ್ನೂ ನುಂಗಿತು. ಹದಿನಾರು ವರ್ಷದ ಆಯುಸ್ಸು, ಅಷ್ಟೇ.

ಗೋಡೆಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ಸೈಫನ್‌ಗಳು. ಈ ಅಣೆಕಟ್ಟಿನ ಹೆಚ್ಚುವರಿ ನೀರು ಹೋಗಲು ಕ್ರೆಸ್ಟ್ ಗೇಟಿನ ಬದಲು ವಲ್ಯೂಟ್ ಸೈಫನ್ ಇಟ್ಟಿದ್ದರು. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ ಅಯ್ಯರ್ ಅವರ ಕಲ್ಪನೆ ಅದು. ಒಂದು ದೊಡ್ಡ ನೆಟ್ಟಗಿನ ಕೊಳವೆ, ಅದರ ಬಾಯಿ ಆಲಿಕೆಯ ಹಾಗೆ ಅಗಲ, ಅದರ ಮೇಲೊಂದು ಗುಮ್ಮಟ. ಆಲಿಕೆಯ ಒಳಮೈಯಲ್ಲಿ ಸುರುಳಿಯಾಗಿ ಬಾಗಿದ ಪಟ್ಟಿಗಳು. ಜಲಾಶಯದ ಮಟ್ಟ ಬಾಯಿಯ ಅಂಚು ದಾಟಿತೆಂದರೆ ನೀರು ಆ ಪಟ್ಟಿಗಳ ಮೇಲೆ ಹರಿದು ತಿರುಗತೊಡಗುತ್ತದೆ. ತಿರುಗುವ ನೀರು ಕೊಳವೆಯೊಳಗಿನ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದ ಕೂಡಲೇ ಸೈಫನ್ ಹಿಡಿದುಕೊಳ್ಳುತ್ತದೆ, ಕೊಳವೆ ತುಂಬಾ ನೀರು ಧುಮುಕುತ್ತದೆ. ಮಟ್ಟ ಇಳಿದು ಗಾಳಿ ಒಳನುಗ್ಗಿದೊಡನೆ ತಾನಾಗಿ ನಿಲ್ಲುತ್ತದೆ.

ಗೇಟು ಎತ್ತುವವರು ಬೇಡ, ಕರೆಂಟು ಬೇಡ, ನಡುರಾತ್ರಿ ಮಳೆಯಲ್ಲಿ ಯಾರೂ ಓಡಿಬರಬೇಕಿಲ್ಲ. ಆಷಾಢದ ಮಳೆ ಹೇಗಿರುತ್ತದೆ ಎಂದು ಬಲ್ಲ ಮಲೆನಾಡಿನವರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲೂ ಇದೇ ಬಗೆಯ ಸೈಫನ್‌ಗಳಿವೆ. ಅಲ್ಲಿ ಕೋಡಿ ಬಿದ್ದ ದಿನ ಜನ ಜಾತ್ರೆಯಂತೆ ನೋಡಲು ಸೇರುತ್ತಾರೆ. ಮಡೆನೂರಿನವು ಮಾತ್ರ 1964ರಿಂದ ಕೆಲಸವಿಲ್ಲದೆ ನಿಂತಿವೆ. ನಮ್ಮ ಎಂಜಿನಿಯರ್ ಒಬ್ಬರ ಇಷ್ಟು ಸೊಗಸಾದ ಬುದ್ಧಿಯನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಅಭಿಮಾನದಿಂದ ಹೇಳಬೇಕಿತ್ತು. ವಿಶ್ವೇಶ್ವರಯ್ಯನವರ ಹೆಸರಿನ ಪಕ್ಕದಲ್ಲಿ ಗಣೇಶ ಅಯ್ಯರ್ ಹೆಸರೂ ಮಕ್ಕಳ ಬಾಯಲ್ಲಿ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಾನು ಹೇಳಹೊರಟಿದ್ದು ಈ ಸೀಮೆಯ ಮೋಟರ್ ಸೈಕಲ್ ಪ್ರವಾಸದ ಯೋಜನೆ. ಅದಕ್ಕೂ ಸೈಫನ್ನಿಗೂ ಏನು ಸಂಬಂಧ ಎಂದು ಕೇಳಬಹುದು. ಶರಾವತಿ ಕೊಳ್ಳದಲ್ಲಿ ಎಲ್ಲ ಸಂಬಂಧವೂ ನೀರಿನದೇ. ಯಾವ ದಾರಿ ಇದೆ, ಯಾವುದಿಲ್ಲ, ಯಾವ ಲಾಂಚ್ ಓಡುತ್ತದೆ, ಜೋಗದಲ್ಲಿ ಏನು ಕಾಣುತ್ತದೆ, ಎಲ್ಲವನ್ನೂ ತೀರ್ಮಾನಿಸುವುದು ಲಿಂಗನಮಕ್ಕಿಯ ಮಟ್ಟ. ಗರಿಷ್ಠ ಮಟ್ಟ 1,819 ಅಡಿ. ಇಂದು ಎಷ್ಟಿದೆ ಎಂಬುದು ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯ ಪುಟ್ಟ ಚೌಕದಲ್ಲಿ ಬರುತ್ತದೆ. ಬೈಕ್ ಸವಾರರು ತಿಂಗಳುಗಟ್ಟಲೆ ಜಾಕೆಟ್, ಹೆಲ್ಮೆಟ್, ಕ್ಯಾಮೆರಾ ಹುಡುಕುತ್ತಾರೆ. ಆ ಚೌಕದ ಮೇಲೆ ಕಣ್ಣಾಡಿಸುವವರು ಕಡಿಮೆ. ಈ ಸೀಮೆಗೆ ಹೊರಡುವವರಿಗೆ ಅದಕ್ಕಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ.

ದಾರಿಗೆ ನಾನು ಸೂಚಿಸುವುದು ನದಿಯನ್ನೇ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಸಮುದ್ರ ಸೇರುವುದು ಹೊನ್ನಾವರದಲ್ಲಿ. ನದಿಯ ಉದ್ದ 128 ಕಿ.ಮೀ. ಮಾತ್ರ. ಸುತ್ತುಬಳಸಿನ ರಸ್ತೆ ಅದರ ಎರಡರಷ್ಟಕ್ಕೂ ಹೆಚ್ಚಾದೀತು, ಆದರೂ ನಾಲ್ಕು ದಿನಕ್ಕೆ ಧಾರಾಳ. ಅಂಬುತೀರ್ಥದಿಂದ ಹೊಸನಗರ, ನಗರ. ಕೆಳದಿ ಅರಸರ ಬಿದನೂರೇ ಈ ನಗರ, 1763ರಲ್ಲಿ ಹೈದರಾಲಿಯ ಕೈಸೇರಿತು. ಕೋಟೆ ಹತ್ತಿ ಇಳಿದು, ದೇವಗಂಗೆಯ ಕೊಳ ನೋಡಿ ಸಾಗರಕ್ಕೆ ಬನ್ನಿ. ಕೆಳದಿ, ಇಕ್ಕೇರಿ ಎರಡೂ ಊರ ಪಕ್ಕದಲ್ಲೇ ಇವೆ. ಕೊಡಚಾದ್ರಿ ಸೇರಿಸುವ ಆಸೆಯಿದ್ದರೆ ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಆ 1,343 ಮೀಟರ್ ಎತ್ತರದ ಬೆಟ್ಟವನ್ನು ನಡೆದು ಹತ್ತುವುದೇ ಚೆಂದ. ಬೈಕು ಕೆಳಗಿರಲಿ.

ಸಾಗರದಿಂದ ಮುಂದಿನದು ಈ ಪ್ರವಾಸದ ತಿರುಳು. ಹೊಳೆಬಾಗಿಲಿಗೆ ಬಂದು, ನೀರು ದಾಟಿ, ಸಿಗಂದೂರು, ತುಮರಿ. ತುಮರಿಯ ಕಡೆಯಿಂದ ಹಲ್ಕೆಗೆ ಹೋದರೆ ಅಲ್ಲಿಂದ ಮುಪ್ಪಾನೆಗೆ ಲಾಂಚ್. ಬೈಕ್ ಸಮೇತ ಹತ್ತಿ, ಸಿಂಗಳೀಕಗಳ ಅಭಯಾರಣ್ಯದ ಅಂಚಿನಲ್ಲಿ ಇಳಿದು, ಕಾರ್ಗಲ್ ಮೇಲೆ ಜೋಗಕ್ಕೆ ಬರಬಹುದು. ನಿಟ್ಟೂರಿನ ಕಡೆಗೆ ಹಸಿರುಮಕ್ಕಿಯಲ್ಲಿ ಇನ್ನೊಂದು ಕಡವು. ಈ ಲಾಂಚ್‌ಗಳು ನೀರು ತೀರಾ ಇಳಿದಾಗ ನಿಲ್ಲುತ್ತವೆ. ಹಾಗಾಗಿ ಹಿಂದಿನ ದಿನವೇ ಸಾಗರದಲ್ಲೋ ತುಮರಿಯಲ್ಲೋ ವಿಚಾರಿಸಿಕೊಂಡು ಹೊರಡಬೇಕು. ಮೊಬೈಲ್ ನಕ್ಷೆ ನೀರಿನ ಮೇಲೆ ಚುಕ್ಕಿಗೆರೆ ಎಳೆದು ಸುಮ್ಮನಾಗುತ್ತದೆ, ಕಡವಿನಲ್ಲಿ ಇವತ್ತು ಲಾಂಚ್ ಇದೆಯೋ ಇಲ್ಲವೋ ಅದಕ್ಕೆ ತಿಳಿಯದು.

ಹೊಳೆಬಾಗಿಲಿನ ಲಾಂಚ್ ಬಗ್ಗೆ ಒಂದು ಮಾತು ಹೇಳಲೇಬೇಕು. 2025ರ ಜುಲೈ 14ರಂದು ಅಲ್ಲೇ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2.44 ಕಿ.ಮೀ. ಉದ್ದದ ಸೇತುವೆ ತೆರೆಯಿತು. ನಾನು ಹೋದಾಗ ಅದಿನ್ನೂ ಕಟ್ಟುತ್ತಿದ್ದರು, ಅದರ ಪಕ್ಕದಲ್ಲೇ ಲಾಂಚ್ ಓಡುತ್ತಿತ್ತು. ಬಸ್ಸು, ಕಾರು, ಬೈಕು, ಅಡಿಕೆ ಮೂಟೆ, ಸಿಗಂದೂರು ದೇವಿಯ ಹರಕೆಗೆ ಹೊರಟ ಸಂಸಾರ, ಎಲ್ಲ ಒಂದೇ ಹಲಗೆಯ ಮೇಲೆ. ನನಗೆ ಅದು ತುಂಬಾ ಇಷ್ಟದ ಪಯಣ. ಆದರೂ ಲಾಂಚ್ ಹೋಯಿತೆಂದು ಹಲುಬುವ ಪ್ರವಾಸಿಗರ ಸಾಲಿಗೆ ನಾನು ಸೇರಲಾರೆ. ತುಮರಿ ಸೀಮೆಯವರು ಅರವತ್ತು ವರ್ಷ ಆ ಲಾಂಚಿನ ಸಮಯಕ್ಕೆ ತಮ್ಮ ಬದುಕನ್ನು ಕಟ್ಟಿಹಾಕಿಕೊಂಡಿದ್ದರು. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ ಏನು ಗತಿ ಎಂಬ ಭಯದಲ್ಲಿ ಅಲ್ಲಿನ ಮನೆಗಳು ದಿನ ಕಳೆದಿವೆ. ನಾಡಿಗೆಲ್ಲ ಬೆಳಕು ಕೊಡಲು ಮುಳುಗಿದ್ದು ಅವರ ನೆಲ. ನಮ್ಮ ಚಂದದ ಫೋಟೊಕ್ಕಾಗಿ ಅವರು ಇನ್ನೂ ಕಾಯಬೇಕಿತ್ತು ಎನ್ನುವ ಹಕ್ಕು ಯಾರಿಗೂ ಇಲ್ಲ.

ಹೊರಡುವ ಮುನ್ನ ನಾ. ಡಿಸೋಜ ಅವರನ್ನು ಓದಿ. ಸಾಗರದಲ್ಲಿ ನೆಲೆಸಿ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, ಮುಳುಗಡೆಯನ್ನು ಹತ್ತಿರದಿಂದ ಕಂಡ ಲೇಖಕರು ಅವರು. ಅವರ 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲ ಬಂತು. ಅದನ್ನು ಓದಿದವರಿಗೆ ಹಿನ್ನೀರಿನ ಪ್ರತಿ ನಡುಗಡ್ಡೆಯೂ ಹಿಂದೆ ಯಾರದೋ ಹಿತ್ತಿಲ ಗುಡ್ಡವಾಗಿತ್ತು ಎಂಬುದು ನೆನಪಿರುತ್ತದೆ.

ಜೋಗದಿಂದ ಮಾವಿನಗುಂಡಿ ಮೇಲೆ ಗೇರುಸೊಪ್ಪೆ ಘಟ್ಟ ಇಳಿದರೆ ಸೆಕೆ ಮುಖಕ್ಕೆ ರಾಚುತ್ತದೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಸೀಮೆ ಅದು. ಕಾಡಿನೊಳಗಿನ ಚತುರ್ಮುಖ ಬಸದಿಗೆ ಅರ್ಧ ದಿನ ಕೊಟ್ಟು ಹೊನ್ನಾವರ ತಲುಪಿ.

ಇನ್ನು ಕಾಲ. ಅಕ್ಟೋಬರ್, ನವೆಂಬರ್ ಎಂದು ಎಲ್ಲರೂ ಹೇಳುತ್ತಾರೆ. ಹಿನ್ನೀರು ತುಂಬಿರುತ್ತದೆ, ಲಾಂಚ್‌ಗಳು ಓಡುತ್ತವೆ, ಗದ್ದೆ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಮೊದಲ ಸಲ ಹೋಗುವವರಿಗೆ ಅದೇ ಸರಿ. ಜೋಗ ತುಂಬಿ ಬೀಳುವುದನ್ನು ನೋಡುವವರು ಆಗಸ್ಟಿನಲ್ಲಿ ಹೋಗಲಿ, ಆದರೆ ಘಟ್ಟದಲ್ಲಿ ಮಂಜು, ಪಾಚಿ, ಕುಸಿದ ಮಣ್ಣು ಇರುತ್ತದೆಂದು ತಿಳಿದಿರಲಿ. ನನ್ನ ಮತ ಮಾತ್ರ ಮೇ ಕೊನೆಗೆ. ಜೋಗದಲ್ಲಿ ಬರಿಯ ಬಂಡೆ ಕಂಡೀತು, ಬಿಸಿಲು ಸುಟ್ಟೀತು. ಹಾಗಿದ್ದರೂ ಈ ನಾಡು ಏನನ್ನು ತೆತ್ತಿದೆ ಎಂಬುದು ನೀರು ಇಳಿದಾಗಲೇ ಕಾಣುವುದು. ಊಟದೆಲೆಯ ಮೇಲೆ ಹೊಸ ಅಪ್ಪೆಮಿಡಿ, ತಂಬುಳಿ ಸಿಗುವುದೂ ಆಗಲೇ.

ಬೇಸಿಗೆಯಲ್ಲಿ ಹೋಗುವವರು ಒಂದನ್ನು ಹಗುರವಾಗಿ ತೆಗೆದುಕೊಳ್ಳಬಾರದು: ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ಬಲಿ ತೆಗೆದುಕೊಂಡಿತು. ಉಣುಗು ಕಚ್ಚಿ ಹರಡುವ ಈ ರೋಗ ಚಳಿಗಾಲದಿಂದ ಮಳೆ ಬರುವವರೆಗೆ ಹೆಚ್ಚು. ದರಕಿನ ಮೇಲೆ ಕೂರಬೇಡಿ, ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೋ ಆರೋಗ್ಯ ಕಾರ್ಯಕರ್ತರಿಗೋ ತಿಳಿಸಿ. ಹಿಂತಿರುಗಿದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರಿ ಎಂದು ವೈದ್ಯರಿಗೆ ಮೊದಲೇ ಹೇಳಿ.

ಬೈಕಿನ ವಿಚಾರದಲ್ಲಿ ನನಗೆ ದೊಡ್ಡ ಎಂಜಿನ್ನಿನ ಮೋಹವಿಲ್ಲ. ಈ ತಿರುವುಗಳಲ್ಲಿ ಗಂಟೆಗೆ ನಲವತ್ತು ಕಿ.ಮೀ. ಹೋದರೆ ಹೆಚ್ಚು. ಅಡಿಕೆ ತೋಟದವರ ನೂರು ಸಿಸಿ ಗಾಡಿ ಹೋಗದ ಜಾಗ ಅಲ್ಲಿಲ್ಲ. ಹೊಸ ಬ್ರೇಕ್ ಶೂ, ಒಳ್ಳೆಯ ಟೈರು, ಒಂದು ಹೆಚ್ಚಿನ ಕ್ಲಚ್ ಕೇಬಲ್, ಪಂಕ್ಚರ್ ಕಿಟ್ ಇರಲಿ. ಸಾಗರದಲ್ಲೇ ಪೆಟ್ರೋಲ್ ತುಂಬಿಸಿ. ಹಿನ್ನೀರಿನ ಆಚೆ ಫೋನ್ ಸಿಗ್ನಲ್ ನೆಚ್ಚಿಕೊಳ್ಳಬೇಡಿ, ಕತ್ತಲಾಗುವ ಮೊದಲು ತಂಗುವ ಜಾಗ ಸೇರಿಕೊಳ್ಳಿ.

ಕೊನೆಯದಾಗಿ ಒಂದು ಕೋರಿಕೆ. ಒಣಗಿದ ಹಿನ್ನೀರಿನ ನೆಲದ ಮೇಲೆ ಬೈಕ್ ಓಡಿಸಿ ಚಕ್ಕರ್ ಹೊಡೆಯಬೇಡಿ. ಅದು ದನಗಳಿಗೆ ಬೇಸಿಗೆಯ ಮೇವು ಸಿಗುವ ಜಾಗ, ಮುಳುಗಡೆಯಾದವರ ಹಿರಿಯರು ಉತ್ತ ಗದ್ದೆ. ಮಡೆನೂರಿನ ಗೋಡೆಯ ಮೇಲೆ ಹೆಸರು ಕೆತ್ತಬೇಡಿ, ಬಾಟಲಿ ಬಿಡಬೇಡಿ. ಹೋಗಬೇಡಿ ಎಂದು ಇಲಾಖೆಯವರೋ ಊರವರೋ ಹೇಳಿದ ದಿನ ಮರುಮಾತಿಲ್ಲದೆ ಹಿಂತಿರುಗಿ. ಅಲ್ಲಿ ಏನಿತ್ತು ಎಂದು ಹೇಳಬಲ್ಲ ಹಿರಿಯರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಬೈಕ್ ನಿಲ್ಲಿಸಿ ಅವರ ಜೊತೆ ಒಂದು ಗಂಟೆ ಕೂತು ಕೇಳಿಸಿಕೊಳ್ಳಿ, ನಿಮ್ಮ ಯೋಜನೆಯಲ್ಲಿ ಅದಕ್ಕೆಂದೇ ಸಮಯ ಇಟ್ಟುಕೊಳ್ಳಿ.