ಮೇವು ತಿನ್ನುವ ಸೇನೆ

ನೆದರ್‌ಲ್ಯಾಂಡ್ಸ್‌ನ ಉತ್ತರದಲ್ಲಿ ಕಡಲಿಗೆ ಅಡ್ಡಲಾಗಿ ಕಟ್ಟಿದ 32 ಕಿಲೋಮೀಟರ್ ಉದ್ದದ ಒಡ್ಡು ಇದೆ. 1932ರಲ್ಲಿ ಕಟ್ಟಿ ಮುಗಿಸಿದ್ದು, ಹೆಸರು ಆಫ್‌ಸ್ಲೌಟ್‌ಡೈಕ್. ಉದ್ದಕ್ಕೂ ನೇರ ರಸ್ತೆ, ಎರಡೂ ಬದಿ ನೀರು, ಮರೆಗೆಂದು ಏನೂ ಇಲ್ಲ. 1940ರ ಮೇ ತಿಂಗಳಲ್ಲಿ ಜರ್ಮನಿಯ 1ನೇ ಅಶ್ವದಳ ಡಿವಿಜನ್ ಗ್ರೋನಿಂಗನ್, ಫ್ರೀಸ್‌ಲ್ಯಾಂಡ್ ಪ್ರಾಂತಗಳನ್ನು ಭರದಿಂದ ದಾಟಿಬಂದು ಈ ಒಡ್ಡಿನ ಬುಡದಲ್ಲಿ ನಿಂತುಬಿಟ್ಟಿತು. ಕೊರ್ನ್‌ವೆರ್ಡರ್‌ಜಾಂಡ್ ಎಂಬಲ್ಲಿ ಡಚ್ಚರ ಕಾಂಕ್ರೀಟ್ ಕಾವಲುಕೋಟೆ ಇತ್ತು. ಮೇ 13ರಂದು ಕಾಲ್ನಡಿಗೆಯಲ್ಲಿ ನುಗ್ಗಿದವರು ಗುಂಡಿನ ಮಳೆಗೆ ಹಿಂದಿರುಗಿದರು. ಮರುದಿನ ಡಚ್ಚರ ಯುದ್ಧನೌಕೆಯೊಂದು ಜರ್ಮನ್ ಫಿರಂಗಿಗಳ ಮೇಲೆ ಗುಂಡು ಸುರಿಯಿತು. ರಾಟರ್‌ಡ್ಯಾಮ್ ನಗರ ಬಾಂಬಿಗೆ ಸುಟ್ಟ ಮೇಲೆ ದೇಶವೇ ಶರಣಾಯಿತು. ಆ ಕೋಟೆ ಮಾತ್ರ ಯುದ್ಧದಲ್ಲಿ ಬೀಳಲಿಲ್ಲ.

ಹಿಟ್ಲರನ ಸೇನೆಯಲ್ಲಿ ಕುದುರೆಗೇನು ಕೆಲಸ ಎಂದು ಕೇಳುವವರಿದ್ದಾರೆ. ಆ ಕಾಲದ ಪ್ರಚಾರಚಿತ್ರಗಳು ಟ್ಯಾಂಕುಗಳನ್ನೇ ತೋರಿಸಿದವು, ನಾವು ಅದನ್ನೇ ನಂಬಿದೆವು. ನಿಜವಾಗಿ ಆ ಯುದ್ಧದಲ್ಲಿ ಜರ್ಮನ್ ಸೇನೆ ಬಳಸಿದ ಕುದುರೆ ಮತ್ತು ಹೇಸರಗತ್ತೆಗಳ ಸಂಖ್ಯೆ ಸುಮಾರು 27 ಲಕ್ಷ. ಒಂದು ಸಾಮಾನ್ಯ ಕಾಲ್ದಳ ಡಿವಿಜನ್ನಿನಲ್ಲೇ ಐದು ಸಾವಿರದ ಹತ್ತಿರ ಕುದುರೆಗಳಿದ್ದವು. ಫಿರಂಗಿ ಎಳೆದದ್ದು, ಅಡುಗೆಬಂಡಿ ಎಳೆದದ್ದು, ಗಾಯಾಳುಗಳನ್ನು ಹಿಂದಕ್ಕೆ ತಂದದ್ದು ಅವೇ. 1ನೇ ಅಶ್ವದಳದ ವಿಶೇಷವೆಂದರೆ ಅಲ್ಲಿ ಕುದುರೆ ಬಂಡಿ ಎಳೆಯುವುದಷ್ಟೇ ಅಲ್ಲ, ಸೈನಿಕನನ್ನೂ ಹೊರುತ್ತಿತ್ತು. 1939ರ ಸೆಪ್ಟೆಂಬರಿನಲ್ಲಿ ಪೂರ್ವ ಪ್ರಷ್ಯಾದಿಂದ ಪೋಲೆಂಡಿಗೆ ನುಗ್ಗಿದಾಗ ಇದಿನ್ನೂ ಬ್ರಿಗೇಡ್. ಅದೇ ಅಕ್ಟೋಬರಿನಲ್ಲಿ ಡಿವಿಜನ್ ಆಗಿ ಬೆಳೆಯಿತು. ನಾಯಕ ಕುರ್ಟ್ ಫೆಲ್ಟ್. ನಾಲ್ಕು ಸವಾರಿ ರೆಜಿಮೆಂಟುಗಳು, ಕುದುರೆ ಎಳೆಯುವ ಫಿರಂಗಿ ದಳ, ಜೊತೆಗೊಂದು ಸೈಕಲ್ ಪಡೆ.

ಈ ಡಿವಿಜನ್ನಿನ ಕತೆಯನ್ನು ಸೇನಾಪತಿಗಳ ನಕ್ಷೆ ನೋಡಿ ಅರ್ಥಮಾಡಿಕೊಳ್ಳುವುದಕ್ಕಿಂತ ಕುದುರೆಯ ಮೈಯೊಳಗೆ ನೋಡಿ ಅರ್ಥಮಾಡಿಕೊಳ್ಳುವುದು ಸುಲಭ ಎಂಬುದು ನನ್ನ ನಂಬಿಕೆ. ಅದು ಎಲ್ಲಿ ಗೆದ್ದಿತೋ ಅಲ್ಲಿ ಗೆದ್ದದ್ದು ಕುದುರೆಯ ಎದೆ ಮತ್ತು ಕಾಲು. ಎಲ್ಲಿ ಸೋತಿತೋ ಅಲ್ಲಿ ಸೋತದ್ದು ಅದರ ಹೊಟ್ಟೆ.

ಎದೆಯಿಂದಲೇ ಶುರುಮಾಡೋಣ. ಸುಮ್ಮನೆ ನಿಂತ ಕುದುರೆಯ ಹೃದಯ ನಿಮಿಷಕ್ಕೆ ಮೂವತ್ತರಿಂದ ನಲವತ್ತು ಸಲ ಬಡಿಯುತ್ತದೆ. ನಾಗಾಲೋಟದಲ್ಲಿ ಅದು ಇನ್ನೂರು ಇಪ್ಪತ್ತನ್ನು ಮುಟ್ಟುತ್ತದೆ. ಇದಕ್ಕಿಂತ ಬೆರಗಿನ ಸಂಗತಿ ಅದರ ಗುಲ್ಮದಲ್ಲಿದೆ. ವಿಶ್ರಾಂತಿಯ ಹೊತ್ತಿನಲ್ಲಿ ಕುದುರೆ ತನ್ನ ಕೆಂಪು ರಕ್ತಕಣಗಳ ದೊಡ್ಡ ಪಾಲನ್ನು ಗುಲ್ಮದಲ್ಲಿ ಕೂಡಿಟ್ಟಿರುತ್ತದೆ. ಬೆದರಿದಾಗ ಅಥವಾ ಓಡತೊಡಗಿದಾಗ ಗುಲ್ಮ ಹಿಂಡಿದಂತೆ ಕುಗ್ಗಿ ಆ ಕಣಗಳೆಲ್ಲ ರಕ್ತಕ್ಕೆ ಬಂದು ಸೇರುತ್ತವೆ. ರಕ್ತದಲ್ಲಿ ಕೆಂಪುಕಣಗಳ ಪ್ರಮಾಣ ಶೇಕಡಾ 40ರ ಆಸುಪಾಸಿನಿಂದ 60ರವರೆಗೆ ಏರುತ್ತದೆ. ಮನುಷ್ಯ ಕ್ರೀಡಾಪಟು ಕಳ್ಳತನದಲ್ಲಿ ರಕ್ತ ಏರಿಸಿಕೊಂಡು ಪಡೆಯಲು ಹವಣಿಸುವ ಅನುಕೂಲವನ್ನು ಕುದುರೆಗೆ ಪ್ರಕೃತಿಯೇ ಕೊಟ್ಟಿದೆ. ಉಸಿರಾಟವೂ ಓಟಕ್ಕೆ ಹೊಂದಿಕೊಂಡಿದೆ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಮೈ ಮುಂದಕ್ಕೆ ಚಾಚಿ ಹಿಂದಕ್ಕೆ ಮುದುಡುವಾಗ ಹೊಟ್ಟೆಯ ಭಾರವೆಲ್ಲ ವಪೆಯನ್ನು ಎಳೆದು ಒತ್ತಿ ಕುಲುಮೆಯ ತಿದಿಯಂತೆ ಗಾಳಿಯಾಡಿಸುತ್ತದೆ.

ಕಾಲಿನ ರಚನೆಯೂ ಅಷ್ಟೇ ಚೆಲುವಾದದ್ದು. ಮೊಣಕಾಲಿನ ಕೆಳಗೆ ಮಾಂಸವೇ ಇಲ್ಲವೆನ್ನಬಹುದು. ಇರುವುದು ಎಲುಬು ಮತ್ತು ಉದ್ದನೆಯ ಸ್ನಾಯುರಜ್ಜುಗಳು. ಕಾಲು ನೆಲಕ್ಕೆ ಊರಿದಾಗ ಈ ರಜ್ಜುಗಳು ಹಿಗ್ಗಿ ಶಕ್ತಿಯನ್ನು ಹಿಡಿದಿಟ್ಟು ಕಾಲು ಎತ್ತುವಾಗ ಬಹುಪಾಲು ಹಿಂದಿರುಗಿಸುತ್ತವೆ. ಹಾಗಾಗಿ ಸವಾರ, ಜೀನು, ಬಂದೂಕು, ಹಾಸು ಹೊದಿಕೆ ಎಲ್ಲ ಸೇರಿ ನೂರು ಕಿಲೋ ಮೀರುವ ಹೊರೆ ಹೊತ್ತೂ ಅದು ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರ್ ನಡೆಯಬಲ್ಲದು.

ಗಾಲಿಗೂ ಕಾಲಿಗೂ ಇರುವ ವ್ಯತ್ಯಾಸ ಜೌಗುನೆಲದಲ್ಲಿ ಗೊತ್ತಾಗುತ್ತದೆ. ಗಾಲಿಗೆ ಬಿಡುವಿಲ್ಲದ ಹಾದಿ ಬೇಕು. ನಡುವೆ ಒಂದು ಮೀಟರ್ ಕೆಸರಿದ್ದರೂ ಅದು ಅಲ್ಲೇ ಹೂತುಕೊಳ್ಳುತ್ತದೆ. ಕಾಲಿಗೆ ಬೇಕಾದ್ದು ಅಲ್ಲೊಂದು ಇಲ್ಲೊಂದು ಗಟ್ಟಿ ತಾಣ. ಹೂತರೂ ಕಿತ್ತು ಮತ್ತೊಂದೆಡೆ ಇಡಬಹುದು. 1941ರ ಜೂನ್ 22ರಂದು ಜರ್ಮನಿ ಸೋವಿಯತ್ ಒಕ್ಕೂಟದ ಮೇಲೆ ನುಗ್ಗಿದಾಗ ಜನರಲ್ ಗುಡೇರಿಯನ್ನನ ಟ್ಯಾಂಕ್ ಗುಂಪಿನೊಳಗೆ ಈ ಕುದುರೆ ಡಿವಿಜನ್ನನ್ನು ಸೇರಿಸಿದ್ದು ಇದೇ ಕಾರಣಕ್ಕೆ. ದಕ್ಷಿಣಕ್ಕೆ ಪ್ರಿಪೆಟ್ ಜೌಗುಪ್ರದೇಶ ಹಬ್ಬಿತ್ತು. ಟ್ಯಾಂಕುಗಳ ಆ ಬದಿಯನ್ನು ಕಾಯುವ ಹೊಣೆ ಅಶ್ವದಳದ್ದು.

ಇದೇ ಜೌಗಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಬಿಟ್ಟು ಕುದುರೆಯ ಸಾಮರ್ಥ್ಯವನ್ನು ಮಾತ್ರ ಹೊಗಳುವುದು ತಪ್ಪಾಗುತ್ತದೆ. ಸೇನೆಯ ಈ ಡಿವಿಜನ್ನಿಗಿಂತ ಬೇರೆಯಾದ, ನಾಜಿ ಪಕ್ಷದ ಸ್ವಂತ ಪಡೆಯಾದ ಎಸ್‌ಎಸ್ ಅಶ್ವದಳವೊಂದು ಹೆರ್ಮನ್ ಫೇಗೆಲೈನ್‌ನ ಕೈಕೆಳಗಿತ್ತು. 1941ರ ಜುಲೈ ಕೊನೆ ಮತ್ತು ಆಗಸ್ಟಿನಲ್ಲಿ ಎಸ್‌ಎಸ್ ಮುಖ್ಯಸ್ಥ ಹಿಮ್ಲರನ ಆಜ್ಞೆಯಂತೆ ಅದು ಪ್ರಿಪೆಟ್‌ನ ಹಳ್ಳಿ ಪಟ್ಟಣಗಳನ್ನು ಜಾಲಾಡಿ ಹತ್ತು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಕೊಂದಿತು. ಲಾರಿ ತಲುಪದ ಊರುಗಳಿಗೂ ಕೊಲೆಗಾರರನ್ನು ಮುಟ್ಟಿಸಿದ್ದು ಕುದುರೆಯ ಕಾಲುಗಳೇ. ಪ್ರಾಣಿಗೆ ಅದರ ಅರಿವಿರಲಿಲ್ಲ, ಜೀನಿನ ಮೇಲೆ ಕುಳಿತವರಿಗೆ ಇತ್ತು.

ಇನ್ನು ಹೊಟ್ಟೆಯ ಮಾತು. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ. ಗಬಗಬನೆ ಮೇಯ್ದು ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತದೆ. ಕುದುರೆಗೆ ಆ ಸೌಲಭ್ಯ ಇಲ್ಲ. ಅಷ್ಟು ದೊಡ್ಡ ಪ್ರಾಣಿಗೆ ಜಠರ ಇರುವುದು ಹತ್ತು ಹದಿನೈದು ಲೀಟರಿನದು. ಹುಲ್ಲಿನ ನಾರು ಕೊಳೆತು ಶಕ್ತಿಯಾಗುವುದು ಕೊನೆಯಲ್ಲಿ, ಕುರುಡುಗರುಳು ಮತ್ತು ದೊಡ್ಡ ಕರುಳಿನಲ್ಲಿ. ಹೀಗಾಗಿ ಕುದುರೆ ಸ್ವಲ್ಪಸ್ವಲ್ಪವಾಗಿ ದಿನದ ಹೆಚ್ಚು ಹೊತ್ತು ಮೇಯುತ್ತಲೇ ಇರಬೇಕು. ಸ್ವತಂತ್ರವಾಗಿ ಬಿಟ್ಟರೆ ಹದಿನೈದು ಗಂಟೆ ಮೇಯುತ್ತದೆ. ದಂಡಯಾತ್ರೆಯಲ್ಲಿ ಅಷ್ಟು ಹೊತ್ತು ಯಾರು ಕೊಡುತ್ತಾರೆ? ಅದಕ್ಕೇ ಕಡಿಮೆ ಹೊತ್ತಿನಲ್ಲಿ ಹೆಚ್ಚು ಶಕ್ತಿ ಕೊಡುವ ಓಟ್ಸ್ ಕಾಳು ಬೇಕು. ಕಾಳು ಹೆಚ್ಚಾದರೂ, ಮೇವು ದಿಢೀರನೆ ಬದಲಾದರೂ ಹೊಟ್ಟೆಶೂಲೆ. ವಾಂತಿ ಮಾಡುವ ಶಕ್ತಿಯೂ ಕುದುರೆಗಿಲ್ಲ, ಒಳಹೋದದ್ದು ಕರುಳಿನುದ್ದಕ್ಕೂ ಸಾಗಿಯೇ ಹೊರಬರಬೇಕು. ಒಳ್ಳೆಯ ಯುದ್ಧಕುದುರೆ ಗುಂಡೇಟಿಲ್ಲದೆ ಒಂದೇ ರಾತ್ರಿಯಲ್ಲಿ ಸಾಯಬಹುದು.

ದುಡಿಯುವ ಕುದುರೆಗೆ ಕಾಳು, ಒಣಹುಲ್ಲು ಸೇರಿ ದಿನಕ್ಕೆ ಸುಮಾರು ಹತ್ತು ಕಿಲೋ ಮೇವು, ಮೂವತ್ತು ನಲವತ್ತು ಲೀಟರ್ ನೀರು ಬೇಕು. ಹತ್ತು ಸಾವಿರ ಕುದುರೆಗೆ ಲೆಕ್ಕ ಹಾಕಿದರೆ ದಿನಕ್ಕೆ ನೂರು ಟನ್. ನಿಲ್ಲಿಸಿದ ಲಾರಿ ಪೆಟ್ರೋಲ್ ಕುಡಿಯುವುದಿಲ್ಲ, ನಿಂತ ಕುದುರೆಗೆ ಮಾತ್ರ ಮೇವು ಹಾಕಲೇಬೇಕು. ಫ್ರಾನ್ಸಿನಲ್ಲಿ ಇದು ಕಷ್ಟವಾಗಲಿಲ್ಲ. ಜೂನ್ ತಿಂಗಳು, ಹುಲ್ಲುಗಾವಲು, ಹೆಜ್ಜೆಹೆಜ್ಜೆಗೂ ನದಿ. ಲುವಾರ್ ನದಿಯ ದಂಡೆಯ ಸೋಮ್ಯೂರ್‌ನಲ್ಲಿ ಈ ಡಿವಿಜನ್ನನ್ನು 1940ರ ಜೂನ್ 18ರಿಂದ 20ರವರೆಗೆ ತಡೆದು ನಿಲ್ಲಿಸಿದವರು ಫ್ರಾನ್ಸಿನ ಹೆಸರಾಂತ ಅಶ್ವದಳ ಶಾಲೆಯ ವಿದ್ಯಾರ್ಥಿಗಳು. ಎರಡೂ ಕಡೆ ಕುದುರೆ ಬಲ್ಲವರೇ, ಕಾದಾಟ ಮಾತ್ರ ಸೇತುವೆಗಳ ಮೇಲೆ, ಕಾಲ್ನಡಿಗೆಯಲ್ಲಿ.

ರಷ್ಯಾದಲ್ಲಿ ಲೆಕ್ಕವೆಲ್ಲ ಏರುಪೇರಾಯಿತು. ರೈಲುಹಳಿಗಳ ನಡುವಿನ ಅಂತರ ಅಲ್ಲಿ ಜರ್ಮನಿಗಿಂತ ಹೆಚ್ಚು. ಹಳಿಗಳನ್ನು ಬದಲಿಸುತ್ತ ಮುಂದೆ ಸಾಗಬೇಕು, ಬಂದ ರೈಲಿನಲ್ಲಿ ಮದ್ದುಗುಂಡು ಮತ್ತು ಇಂಧನಕ್ಕೇ ಮೊದಲ ಜಾಗ. ಒಣಹುಲ್ಲು ಹಗುರ, ಆದರೆ ಡಬ್ಬಿ ತುಂಬುತ್ತದೆ, ಆದ್ದರಿಂದ ಅದೇ ಹಿಂದೆ ಉಳಿಯುತ್ತಿತ್ತು. ಚಳಿಗೆ ಅತ್ಯಗತ್ಯವಾದದ್ದು ಆ ಹುಲ್ಲೇ ಆಗಿತ್ತು. ನಾರು ಕರುಳಿನಲ್ಲಿ ಕೊಳೆಯುವಾಗ ಹುಟ್ಟುವ ಬಿಸಿಯೇ ಕುದುರೆಯ ಚಳಿಗಾಲದ ಕಾವು. ಹುಲ್ಲು ತಪ್ಪಿದರೆ ಹಸಿವೂ ನಡುಕವೂ ಒಟ್ಟಿಗೆ ಬರುತ್ತವೆ. ಸೈನಿಕರು ರೈತರ ಗುಡಿಸಲುಗಳ ಸೂರಿನ ಹಳೆಯ ಹುಲ್ಲನ್ನು ಕಿತ್ತು ಹಾಕಿದರು. ಅದರಿಂದ ಹೊಟ್ಟೆ ತುಂಬಿತೇ ಹೊರತು ಬಲ ಬರಲಿಲ್ಲ. ಪಶ್ಚಿಮ ಯುರೋಪಿನಿಂದ ತಂದ ಭಾರಿ ಗಾತ್ರದ ಎಳೆಗುದುರೆಗಳು ಮೊದಲು ಕುಸಿದವು. ಸ್ಥಳೀಯರ ಪುಟ್ಟ, ದಟ್ಟ ರೋಮದ ಪಾನ್ಯೆ ಕುದುರೆಗಳು ಅದೇ ಚಳಿಯಲ್ಲಿ ಸಿಕ್ಕಿದ್ದನ್ನು ತಿಂದು ಬಂಡಿ ಎಳೆಯುತ್ತಲೇ ಇದ್ದವು. 1941-42ರ ಚಳಿಗಾಲದಲ್ಲಿ ಪೂರ್ವ ರಣರಂಗದಲ್ಲಿ ಸತ್ತ ಜರ್ಮನ್ ಕುದುರೆಗಳು ಸುಮಾರು 1,80,000.

ಅಷ್ಟರಲ್ಲಿ 1ನೇ ಅಶ್ವದಳ ಅಲ್ಲಿರಲಿಲ್ಲ. 1941ರ ನವೆಂಬರಿನಲ್ಲಿ ಅದನ್ನು ಹಿಂದಕ್ಕೆ ಕರೆಸಿ, ಕುದುರೆಗಳನ್ನು ಬಿಡಿಸಿ 24ನೇ ಪ್ಯಾಂಜರ್ ಡಿವಿಜನ್ ಎಂದು ಹೊಸದಾಗಿ ಕಟ್ಟಿದರು. ಅಶ್ವದಳದ ಹಳದಿ ಗುರುತನ್ನು ಸೈನಿಕರು ಬಿಡಲಿಲ್ಲ. ಟ್ಯಾಂಕುಗಳ ಮೇಲೂ ನೆಗೆಯುವ ಕುದುರೆ ಸವಾರನ ಚಿತ್ರವೇ ಉಳಿಯಿತು. ಆ ಡಿವಿಜನ್ 1943ರ ಫೆಬ್ರವರಿಯ ಹೊತ್ತಿಗೆ ಸ್ಟಾಲಿನ್‌ಗ್ರಾಡ್‌ನಲ್ಲಿ ನಾಶವಾಯಿತು. ಅಲ್ಲಿಯೂ ಕುದುರೆಯ ಹೊಟ್ಟೆ ಮತ್ತೆ ಅಡ್ಡ ಬಂತು. ಚಳಿಗಾಲದ ಮೇವು ಸಾಲದೆಂದು ಅಲ್ಲಿ ಕಾದಾಡುತ್ತಿದ್ದ ಜರ್ಮನಿಯ 6ನೇ ಸೇನೆಯ ಬಹುಪಾಲು ಕುದುರೆಗಳನ್ನು ಮೊದಲೇ ಪಶ್ಚಿಮಕ್ಕೆ ಕಳಿಸಿದ್ದರು. ಸೋವಿಯತ್ ಮುತ್ತಿಗೆ ಬಿದ್ದಾಗ ಫಿರಂಗಿಗಳನ್ನು ಎಳೆಯಲು ಸಾಕಷ್ಟು ಕುದುರೆಗಳಿರಲಿಲ್ಲ. ಒಳಗೆ ಉಳಿದಿದ್ದ ಕುದುರೆಗಳು ಹಸಿದ ಸೈನಿಕರಿಗೆ ಆಹಾರವಾದವು.

ಆಮೇಲೆ ಸೇನೆ ಮತ್ತೆ ಕುದುರೆಯ ಬಳಿಗೇ ಬಂತು. ಬೆಲಾರುಸಿನ ಕಾಡು ಮತ್ತು ಕೆಸರಿನಲ್ಲಿ ಇಂಧನವೂ ರಸ್ತೆಯೂ ಇಲ್ಲದಾಗ 1943ರಲ್ಲಿ ಗೇಯೋರ್ಗ್ ಫಾನ್ ಬೋಸೆಲಾಗರ್ ಹೊಸ ಸವಾರಿ ರೆಜಿಮೆಂಟ್ ಕಟ್ಟಿದ. ಹಿಟ್ಲರನನ್ನು ಕೊಲ್ಲುವ 1944ರ ಜುಲೈ 20ರ ಸಂಚಿನಲ್ಲಿ ಅವನೂ ತಮ್ಮ ಫಿಲಿಪ್ಪನೂ ಭಾಗಿಗಳು. ಫಿಲಿಪ್ ಸಾವಿರದಷ್ಟು ಸವಾರರನ್ನು ರಣರಂಗದಿಂದ ಹಿಂದಕ್ಕೆ ನಡೆಸಿಕೊಂಡು ಹೊರಟ. ಅಲ್ಲಿಂದ ವಿಮಾನದಲ್ಲಿ ಬರ್ಲಿನ್ನಿಗೆ ಹಾರಿ ನಗರವನ್ನು ಹಿಡಿಯಬೇಕಿತ್ತು. ಹಿಟ್ಲರ್ ಬದುಕಿದ ಸುದ್ದಿ ಬಂದೊಡನೆ ಅಷ್ಟೂ ಕುದುರೆಗಳನ್ನು ತಿರುಗಿಸಿ ಮತ್ತೆ ರಣರಂಗಕ್ಕೆ ಒಯ್ದ. ಅಷ್ಟು ದೊಡ್ಡ ಪಡೆ ಹೋಗಿ ಬಂದದ್ದರ ಗುಟ್ಟು ಹೊರಬೀಳಲಿಲ್ಲ. ಈ ರೆಜಿಮೆಂಟಿನಂಥವುಗಳಿಂದ ಬೆಳೆದ 3 ಮತ್ತು 4ನೇ ಅಶ್ವದಳ ಡಿವಿಜನ್‌ಗಳು 1945ರಲ್ಲಿ ಹಂಗೆರಿಯ ಬಾಲಟನ್ ಸರೋವರದ ಬಳಿ ಕಾದಾಡಿ, ಆಸ್ಟ್ರಿಯಾದಲ್ಲಿ ಬ್ರಿಟಿಷರಿಗೆ ಶರಣಾದವು.

ಈ ದಳಗಳಿಗೆ ಸವಾರಿ ಕುದುರೆ ಒದಗಿಸಿದ ತಳಿಗಳಲ್ಲಿ ಹೆಸರಾದದ್ದು ಟ್ರಾಕೇನರ್. 1732ರಲ್ಲಿ ಪ್ರಷ್ಯಾದ ದೊರೆ ಮೊದಲನೆಯ ಫ್ರೀಡ್ರಿಖ್ ವಿಲ್‌ಹೆಲ್ಮ್ ಪೂರ್ವ ಪ್ರಷ್ಯಾದ ಟ್ರಾಕೇನನ್‌ನಲ್ಲಿ ಆರಂಭಿಸಿದ ಅಶ್ವಶಾಲೆ ಅದರ ತವರು. ಅಲ್ಲಿನವರು ಅದನ್ನು ತೊರೆದದ್ದು 1944ರ ಅಕ್ಟೋಬರಿನಲ್ಲಿ. ಮುಂದಿನ ಚಳಿಗಾಲದಲ್ಲಿ ಪೂರ್ವ ಪ್ರಷ್ಯಾದ ರೈತರು ಗಬ್ಬದ ಹೆಣ್ಣುಕುದುರೆಗಳನ್ನೇ ಬಂಡಿಗೆ ಹೂಡಿಕೊಂಡು, ಹೆಪ್ಪುಗಟ್ಟಿದ ಕಡಲಹಿನ್ನೀರಿನ ಮೇಲೂ ನಡೆದು, ಪಶ್ಚಿಮಕ್ಕೆ ಓಡಿದರು. ಪಶ್ಚಿಮ ಜರ್ಮನಿ ತಲುಪಿದ ಹೆಣ್ಣುಕುದುರೆಗಳು ಸಾವಿರದ ಆಸುಪಾಸು. 1947ರಲ್ಲಿ ಸಾಕಣೆದಾರರು ಸಂಘ ಕಟ್ಟಿಕೊಂಡು ಉಳಿದವುಗಳ ವಂಶಾವಳಿ ಬರೆಯತೊಡಗಿದರು. ಇಂದು ಸವಾರಿ ಸ್ಪರ್ಧೆಗಳಲ್ಲಿ ಬೇಲಿ ಜಿಗಿಯುವ ಟ್ರಾಕೇನರ್‌ಗಳು ಆ ಉಳಿದವುಗಳ ಸಂತಾನ.