ಕಸ್ತೂರ್ಬಾದ ಒಂದು ಮಾದರಿ, ಎರಡು ಹೆಸರು

2022ರ ಏಪ್ರಿಲ್ 6ರಂದು ಮುಂಬಯಿ ಮಹಾನಗರ ಪಾಲಿಕೆ ಕಸ್ತೂರ್ಬಾ ಆಸ್ಪತ್ರೆಯ ಜೀನೋಮ್ ಪರೀಕ್ಷೆಯ ವರದಿಯನ್ನು ಪ್ರಕಟಿಸಿತು. ನಗರದ 230 ಕೊರೊನಾ ಮಾದರಿಗಳಲ್ಲಿ 228 ಒಮಿಕ್ರಾನ್, ಒಂದು ಕಪ್ಪಾ, ಮತ್ತೊಂದು ಎಕ್ಸ್‌ಇ ತಳಿ. ದೇಶದಲ್ಲಿ ಅದುವರೆಗೆ ಕಾಣದ ಎಕ್ಸ್‌ಇ ಬಂದೇ ಬಿಟ್ಟಿತೆಂದು ಸುದ್ದಿ ಹಬ್ಬುವಷ್ಟರಲ್ಲಿ, ಅದೇ ದಿನ ಕೇಂದ್ರದ ಜೀನೋಮ್ ನಿಗಾ ಒಕ್ಕೂಟ ಇನ್ಸಾಕಾಗ್‌ನ ತಜ್ಞರು ಆ ಮಾದರಿಯ ಮೂಲ ಕಡತಗಳನ್ನು ನೋಡಿ, ಇದು ಎಕ್ಸ್‌ಇ ಎನ್ನಲು ಸಾಕ್ಷ್ಯ ಸಾಲದು ಎಂದರು. ವೈರಸ್ಸನ್ನು ಓದುವುದು ಈಗ ಸುಲಭ, ಹೋಲಿಸಿ ತೀರ್ಮಾನಿಸುವುದೇ ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಕೊರೊನಾ ಜೀನೋಮ್ ಎಂದರೆ ಸುಮಾರು 30,000 ಅಕ್ಷರಗಳ ಒಂದೇ ಸಾಲು. 2022ರಲ್ಲಿ ಜಾಗತಿಕ ಸಂಗ್ರಹ ಜಿಸೈಡ್‌ನಲ್ಲಿ ಇಂಥ ಸಾಲುಗಳು ಒಂದು ಕೋಟಿ ದಾಟಿದವು. ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಹೋಲಿಸಹೊರಟರೆ ಐವತ್ತು ಲಕ್ಷ ಕೋಟಿ ಜೋಡಿಗಳಾಗುತ್ತವೆ. ಹಾಗಾಗಿ ಕ್ಯಾಲಿಫೋರ್ನಿಯಾದ ಸಂಶೋಧಕರು ರೂಪಿಸಿದ ‘ಅಶರ್’ ತಂತ್ರಾಂಶ ವಂಶವೃಕ್ಷವನ್ನು ಮತ್ತೆ ಮತ್ತೆ ಕಟ್ಟುವುದಿಲ್ಲ. ಇರುವ ಮರದಲ್ಲಿ ಅತಿ ಕಡಿಮೆ ಬದಲಾವಣೆಯಿಂದ ಹೊಂದುವ ಕೊಂಬೆ ಹುಡುಕಿ ಹೊಸ ಮಾದರಿಯನ್ನು ಅಲ್ಲಿ ಸೇರಿಸುತ್ತದೆ. ಆದರೆ ಎಕ್ಸ್‌ಇಗೆ ಒಂದೇ ಕೊಂಬೆ ಸಾಲದು. ಅದರ ಮೊದಲ ಭಾಗ ಒಮಿಕ್ರಾನ್‌ನ ಬಿಎ.1 ತಳಿಯದು, ಉಳಿದದ್ದು ಬಿಎ.2ರದು. ಒಬ್ಬ ರೋಗಿಗೆ ಎರಡೂ ತಳಿ ಒಟ್ಟಿಗೆ ಅಂಟಿದರೆ, ಅಥವಾ ಪ್ರಯೋಗಾಲಯದಲ್ಲಿ ಎರಡು ಮಾದರಿ ಬೆರೆತರೆ, ಅಂತಿಮ ಸಾಲು ಹೆಚ್ಚುಕಡಿಮೆ ಹಾಗೆಯೇ ಕಂಡೀತು. ವ್ಯತ್ಯಾಸ ತಿಳಿಯುವುದು ಯಂತ್ರ ಓದಿದ ಬಿಡಿ ತುಣುಕುಗಳಲ್ಲಿ; ಮೂಲ ಕಡತದಲ್ಲಿರುವುದು ಇವೇ. ಒಂದೇ ಸ್ಥಾನದಲ್ಲಿ ಕೆಲವು ತುಣುಕು ಒಂದಕ್ಷರ, ಉಳಿದವು ಇನ್ನೊಂದಕ್ಷರ ತೋರಿದರೆ ಅದು ಬೆರಕೆಯ ಗುರುತು. ಒಂದು ಗಡಿಯವರೆಗೆ ಎಲ್ಲವೂ ಬಿಎ.1, ಅಲ್ಲಿಂದಾಚೆ ಎಲ್ಲವೂ ಬಿಎ.2 ಆಗಿದ್ದರೆ ನಿಜವಾದ ಕೂಡುತಳಿ.

ತಳಿಯ ಹೆಸರು ತಿಳಿದರೆ ರೋಗಿಯ ಔಷಧಿ ಬದಲಾಗುತ್ತದೆಯೇ, ಇಷ್ಟು ಖರ್ಚೇಕೆ ಎಂದು ಕೇಳುವವರಿದ್ದಾರೆ. ಹಾಸಿಗೆಯಲ್ಲಿರುವ ಒಬ್ಬರ ಮಟ್ಟಿಗೆ ಈ ಪ್ರಶ್ನೆ ಬಹುತೇಕ ಸರಿಯೇ. ಆದರೆ ಲೋಕಲ್ ರೈಲಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡಾಡುವ ನಗರಕ್ಕೆ, ಯಾವ ತಳಿ ಏರುತ್ತಿದೆ ಎಂಬುದು ಹಾಸಿಗೆ, ಆಮ್ಲಜನಕ ಹೊಂದಿಸುವ ಮೊದಲೇ ಗೊತ್ತಾಗಬೇಕು. 2021ರ ಆಗಸ್ಟ್‌ಗೆ ಮೊದಲು ಮುಂಬಯಿಯ ಮಾದರಿಗಳನ್ನು ಪುಣೆಗೆ ಕಳಿಸಿ ಫಲಿತಾಂಶಕ್ಕೆ ಕಾಯಬೇಕಿತ್ತು. ಕಸ್ತೂರ್ಬಾದಲ್ಲಿ ಯಂತ್ರ ಕೂರಿಸಿದ್ದು ಅದಕ್ಕೇ. ಯಂತ್ರಕ್ಕೆ ಕೊಟ್ಟ ಮಹತ್ವವನ್ನು ಆ ತುಣುಕುಗಳನ್ನು ಓದಬಲ್ಲ ಕಾಯಂ ಸಿಬ್ಬಂದಿಗೂ ಪಾಲಿಕೆ ಕೊಡಬೇಕು. ಭಿನ್ನಾಭಿಪ್ರಾಯ ಬಯಲಾದರೆ ಜನರ ನಂಬಿಕೆ ಕೆಡುತ್ತದೆ ಎಂಬ ಅಂಜಿಕೆಯನ್ನು ನಾನು ಒಪ್ಪಲಾರೆ. ಏಪ್ರಿಲ್ 6ರಂದು ಎರಡನೆಯ ತಂಡದ ಕೈಗೆ ಮೂಲ ಕಡತ ಸಿಕ್ಕಿದ್ದರಿಂದಲೇ ಮಾತು ಸಾಕ್ಷ್ಯದ ಮೇಲೆ ನಡೆಯಿತು; ಬರೀ ಹೆಸರಷ್ಟೇ ಸಿಕ್ಕಿದ್ದರೆ ಪರಿಶೀಲಿಸಲು ಏನೂ ಇರುತ್ತಿರಲಿಲ್ಲ.