ನಿಮಗಿದು ಗೊತ್ತೆ? ಕಾರಿನ ಸ್ನಾನಕ್ಕೂ ಒಂದು ಗುಂಡಿ!

ಸ್ವಯಂಚಾಲಿತ ಕಾರ್ ವಾಶ್‌ನಲ್ಲಿ ಗಾಜಿಗೆ ನೀರು ಬಿದ್ದೊಡನೆ ಕಾರಿನ ಸೆನ್ಸರ್ ಅದನ್ನು ಮಳೆಯೆಂದೇ ತಿಳಿದು ವೈಪರ್ ಓಡಿಸುತ್ತದೆ. ತಿರುಗುವ ಬ್ರಷ್‌ಗೆ ಸಿಕ್ಕರೆ ವೈಪರ್ ಮುರಿಯುವುದೂ ಉಂಟು.

ಮರ್ಸಿಡಿಸ್ ಬೆಂಜ್ 2019ರ ಜಿಎಲ್‌ಎಸ್ ಕಾರಿನಲ್ಲಿ ಕೊಟ್ಟ ಪರಿಹಾರ ಸೊಗಸಾಗಿದೆ. ‘ಕಾರ್ ವಾಶ್’ ವ್ಯವಸ್ಥೆ ಚಾಲೂ ಮಾಡಿದರೆ ಕನ್ನಡಿಗಳು ಮಡಚಿಕೊಳ್ಳುತ್ತವೆ, ಕಿಟಕಿ, ಸನ್‌ರೂಫ್ ಮುಚ್ಚುತ್ತವೆ, ವೈಪರ್ ಸುಮ್ಮನಿರುತ್ತದೆ, ಎಸಿ ಹೊರಗಿನ ಗಾಳಿ ಎಳೆಯುವುದನ್ನು ನಿಲ್ಲಿಸುತ್ತದೆ. ಅಷ್ಟೇ ಅಲ್ಲ, ಕಾರು ತಾನೇ ಮೇಲೇಳುತ್ತದೆ! ಆಗ ಎಡಬಲದ ಚಕ್ರಗಳ ನಡುವಿನ ಅಂತರ ತುಸು ಕಿರಿದಾಗುತ್ತದೆ; ಮಡ್‌ಗಾರ್ಡ್ ಒಳಗಿನ ಕೆಸರೂ ಚೆನ್ನಾಗಿ ತೊಳೆದುಹೋಗುತ್ತದೆ. ಹೊರಬಂದು ವೇಗ ಗಂಟೆಗೆ 20 ಕಿ.ಮೀ. ದಾಟಿದರೆ ಎಲ್ಲವೂ ಮೊದಲಿನಂತೆ.

ಟೆಸ್ಲಾ ವಿದ್ಯುತ್ ಕಾರುಗಳ ಇಂಥದೇ ವ್ಯವಸ್ಥೆಯಲ್ಲಿ ಚಾರ್ಜಿಂಗ್ ಮುಚ್ಚಳಕ್ಕೂ ಬೀಗ ಬೀಳುತ್ತದೆ. ಬೆಲ್ಟ್ ಕಾರನ್ನು ಎಳೆದೊಯ್ಯುವ ಕಡೆ ‘ಫ್ರೀ ರೋಲ್’ ಒತ್ತಿದರೆ, ಚಾಲಕ ಸೀಟಿನಿಂದ ಎದ್ದರೂ ಗೇರ್ ನ್ಯೂಟ್ರಲ್‌ನಲ್ಲೇ ಉಳಿಯುತ್ತದೆ.